ಐನೂರ ಹದಿನೆಂಟು ಪಾಯಿಂಟ್ ನಾಲ್ಕು

ಮಧ್ಯಾಹ್ನ ಅಮ್ಮತ್ತಿ ಮೈದಾನ ಖಾಲಿಯಿದ್ದಾಗ
ಎಲ್ಲ ಸರಿಯಿತ್ತು. ನನಗೆ ಅನುಮಾನ ಬಂದದ್ದೇ ಅದಕ್ಕೆ.
ಖಾಲಿ ಮೈದಾನ ಸುಳ್ಳು ಹೇಳುತ್ತದೆ.

ಹಾಕಿ ಫೈನಲ್ ಮುಗಿದು, ಜನ ಹಗ್ಗ ದಾಟಿ
ವೇದಿಕೆಯವರೆಗೆ ತುಂಬಿಕೊಂಡ ಮೇಲೆ
ಒಂದೊಂದೇ ಕಿವಿ ಸತ್ತಿತು.
ಮನುಷ್ಯನೆಂದರೆ ನಿಂತ ನೀರು,
ತರಂಗವನ್ನು ಗುಟುಕು ಗುಟುಕಾಗಿ ಕುಡಿದುಬಿಡುತ್ತಾನೆ.
ಪಕ್ಕದ ತೋಟದಿಂದ ಮೆಣಸು ಕೊಯ್ಯುವ
ಒಂಟಿ ಬಿದಿರೇಣಿ ತರಿಸಿ
ತುದಿಗೆ ಆಂಟೆನಾ ಬಿಗಿದು ತಲೆಗಳ ಮೇಲೆ ಎತ್ತಿಸಿದೆ.
ಡ್ರಮ್ಮಿನ ಹಿಂದಿನಿಂದ ಜೋಯಪ್ಪ ಹೆಬ್ಬೆರಳು ತೋರಿಸಿದ.

ಈ ಕಸುಬು ಕಲಿಸಿದ ಸುಂಟಿಕೊಪ್ಪದ ಮೊಯ್ದುಕ್ಕ ಹೇಳುತ್ತಿದ್ದ:
ಕಾಫಿ ಗಿಡ ನೆಟ್ಟ ಹಾಗೆ ಅಳತೆ ಹಿಡಿದು
ಸಮ ಅಂತರಕ್ಕೆ ಕೂರಿಸಬೇಡ ಮೋನೇ.
ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಅಂತಿಟ್ಟರೆ
ಮೊದಲಿನ ಎರಡು ಸೇರಿ ಹೆತ್ತದ್ದು
ಮೂರನೆಯದರ ತೊಡೆಯೇರಿ ಅಳುತ್ತದೆ,
ಯಾರೂ ಕಳಿಸದ ಸದ್ದು, ಯಾರದೂ ಅಲ್ಲದ ಕೂಸು.
ಅದಕ್ಕೇ ನನ್ನ ಚೀಟಿಯಲ್ಲಿ ಅಂಕಿಗಳೆಲ್ಲ ಸೊಟ್ಟ:
ದೇಚಮ್ಮನಿಗೆ ೫೧೮.೪
ಗಿಟಾರಿಗೆ ೫೧೯.೮
ಜೋಯಪ್ಪನಿಗೆ ೫೨೨.೧.
ಸ್ಕೋರಿನ ಎಲ್‌ಇಡಿ ಗೋಡೆ ಗೊಣಗುತ್ತಿತ್ತು, ಗೊಣಗಲಿ.

ಎರಡನೇ ಹಾಡಿನ ನಡುವೆ
ದೇಚಮ್ಮ ನನ್ನತ್ತ ತಿರುಗಿದಳು.
ಬಾಯಿ ಹಾಡುತ್ತಲೇ ಇತ್ತು, ಕಣ್ಣು ನಿಂತಿತ್ತು.
ಅವಳ ಕಿವಿಯನ್ನು ನನ್ನ ಕಿವಿಗೆ ಎಳೆದುಕೊಂಡೆ.
ಕೀಬೋರ್ಡ್ ಇರಬೇಕಾದ ಜಾಗದಲ್ಲಿ ಗಂಡಸಿನ ದನಿ:
"ಒಂಟಿ ಸಲಗ. ಲೈನ್‌ಮನೆ ಹಿಂದೆ. ಕೆರೆ ಕಡೆ ಮುಖ. ಓವರ್."

ವೇದಿಕೆಯ ಹಿಂದೆ, ನನ್ನದೇ ಕೇಬಲ್ ಪೆಟ್ಟಿಗೆಯ ಮೇಲೆ
ಕಾಲು ಇಳಿಬಿಟ್ಟು ಕೂತಿದ್ದ ವಾಚರ್ ಬೊಮ್ಮ,
ಒಂದು ಕೈಲಿ ಚಾ, ಇನ್ನೊಂದರಲ್ಲಿ ಇಲಾಖೆಯ ವೈರ್‌ಲೆಸ್.
ಬಗ್ಗಿ ನೋಡಿದೆ: ನೂರ ಎಪ್ಪತ್ತೆರಡು ಪಾಯಿಂಟ್ ಎಂಟು.
ಮೂರರಿಂದ ಗುಣಿಸಿದೆ.
ಇನ್ನೊಮ್ಮೆ ಗುಣಿಸಿದೆ.
ಅಂಕಿಗಳನ್ನು ಅಷ್ಟು ಜಾಣತನದಿಂದ ಸೊಟ್ಟಗೆ ಕೂರಿಸಿದವನು
ಆನೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಫ್ ಮಾಡು ಮಾರಾಯ, ಅನ್ನಲು ಬಾಯಿ ತೆರೆದೆ.
ಅವನು ನನಗಲ್ಲ, ಆ ಡಬ್ಬಿಗೆ ಹೇಳುತ್ತಿದ್ದ:
"ಮ್ಯಾಚ್ ನೋಡಿದೋರು ಆ ದಾರೀಲೇ ನಡ್ಕೊಂಡು ಹೋಗ್ತಾರೆ ಸಾರ್.
ಮಕ್ಕಳಿದ್ದಾವೆ."
ಬಾಯಿ ಮುಚ್ಚಿದೆ.
ಜಾಗ ಬಿಡಬೇಕಾದವರು ನಾವು.

ಒಂದಿಡೀ ಚರಣ ಅವಳು ಒಂದು ಕಿವಿ ಕಿತ್ತು ಹಾಡಿದಳು.
ದೂರದ ಗ್ಯಾಲರಿಗೆ ಬಡಿದು ತಡವಾಗಿ ಮರಳುವ ತನ್ನದೇ ದನಿಗೆ
ಕಾಯದೆ, ಜೋಯಪ್ಪನ ಮೊಣಕೈ ನೋಡಿಕೊಂಡು.
ಒಂದು ಕಡೆ ಶ್ರುತಿ ಕೂದಲೆಳೆ ಇಳಿಯಿತು.
ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತು.
ಕೊಳಲಿನ ತುಣುಕು ಬಂದಾಗ ಪರದೆಯ ಮರೆಗೆ ಬಂದಳು,
ಸೊಂಟದ ಪ್ಯಾಕನ್ನು ನನ್ನ ಯಂತ್ರದ ಕೆಂಪು ಕಣ್ಣಿಗೆ ಹಿಡಿದೆ,
ಎರಡು ಸೆಕೆಂಡು. ಐನೂರ ಇಪ್ಪತ್ತಾರು. ಹೋದಳು.
ತಿರುಗಿ ನೋಡಿದರೆ ಪೆಟ್ಟಿಗೆಯ ಮೇಲೆ ಲೋಟವೊಂದೇ;
ರಸ್ತೆಯಲ್ಲಿ ಜೀಪು ಸ್ಟಾರ್ಟ್ ಆದ ಸದ್ದು.

ರಾತ್ರಿ ಹನ್ನೊಂದಕ್ಕೆ ಬೆವರಿನ ಪ್ಯಾಕು ಬಿಚ್ಚಿ ಕೊಡುತ್ತಾ
ದೇಚಮ್ಮ ಸೌಂಡಿನ ಸುದ್ದಿ ಎತ್ತಲಿಲ್ಲ.
"ಅದು ಎತ್ತ ಹೋಯ್ತು?" ಅಂದಳು.
ನನಗೇನು ಗೊತ್ತು.

ಲಾರಿ ತುಂಬುವವರೆಗೆ ಒಂದು ರಿಸೀವರನ್ನು
ಹಳೆಯ ಅಂಕಿಗೇ ತಿರುಗಿಸಿ ಕಿವಿಗಿಟ್ಟುಕೊಂಡಿದ್ದೆ.
ಬರೀ ಸುಯ್ಯೆನ್ನುವ ಸದ್ದು.
ಏಣಿ ವಾಪಸು ಕೊಡಬೇಕಿತ್ತು, ತೋಟದ ದಾರಿ ಕತ್ತಲು.
ಬೆಳಗಾದ ಮೇಲೆ ಕೊಟ್ಟರಾಯಿತೆಂದು
ಗೋಲುಕಂಬಕ್ಕೆ ಒರಗಿಸಿ ಬಂದೆ.